ಕಣ್ಣು ಹಳದಿಯಾದಾಗ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ. ಭಾಷಣಕಾರರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ನಾನು ಇಲ್ಲಿ ಓದುವಾಗ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೂ ಕೋಲಾರವೇ ಇದೆ. ಮಾತನಾಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆ, ಕೆಲಸ ಸಿಗುವ ಕೋರ್ಸುಗಳ ಬಗ್ಗೆ ಹೇಳುತ್ತೇನೆ ಎಂದುಕೊಂಡಿದ್ದರು. ನಾನು, "ಸಾರ್, ಕಾಮಾಲೆ ಬಗ್ಗೆ ಮಾತಾಡಲಾ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಮಾತಾಡಪ್ಪ, ಆದರೆ ಅರ್ಥವಾಗೋ ಹಾಗೆ ಮಾತಾಡು" ಎಂದರು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಅಪ್ಪನ ಕಾಯಿಲೆಯಿಂದ ಪಾಠ ಕಲಿತ ಒಬ್ಬ ಮಗ. ಏನಾಯಿತು ಎಂದು ತಿಳಿದುಕೊಳ್ಳಲು ಆಮೇಲೆ ಕೂತು ಓದಿದೆ, ಡಾಕ್ಟರುಗಳನ್ನು ಕಾಡಿ ಕೇಳಿದೆ. ಆ ಪಾಠವನ್ನು ಈ ಊರಿಗೆ ಒಪ್ಪಿಸುವುದಷ್ಟೇ ಇವತ್ತಿನ ಕೆಲಸ.

ನಮ್ಮ ವಿಜ್ಞಾನದ ಮೇಷ್ಟ್ರು ಗೋಡೆಗೆ ಒಂದು ಚಿತ್ರಪಟ ನೇತುಹಾಕಿ ಜೀರ್ಣಾಂಗಗಳನ್ನು ಪಾಠ ಮಾಡುತ್ತಿದ್ದರು. ಅದರಲ್ಲಿ ಕಂದು ಬಣ್ಣದ ದೊಡ್ಡ ಅಂಗ ಪಿತ್ತಜನಕಾಂಗ, ಅಂದರೆ ಲಿವರ್. ಅದರ ಕೆಳಗೆ ಹಸಿರು ಚೀಲ ಪಿತ್ತಕೋಶ. "ಪಿತ್ತರಸದ ಕಾರ್ಯಗಳನ್ನು ತಿಳಿಸಿ" ಎನ್ನುವುದು ಎರಡು ಅಂಕದ ಪ್ರಶ್ನೆ. ಕೊಬ್ಬನ್ನು ಜೀರ್ಣಿಸಲು ನೆರವಾಗುತ್ತದೆ ಎಂದು ಬರೆದೆ, ಎರಡಕ್ಕೆ ಎರಡು ಅಂಕ ಬಂತು. ಅದೇ ಪಿತ್ತರಸ ಹದಿನೈದು ವರ್ಷದ ನಂತರ ನಮ್ಮ ಮನೆ ಬಾಗಿಲಿಗೆ ಬಂದು ನಿಂತಾಗ ನನಗೆ ಗುರುತು ಸಿಗಲಿಲ್ಲ.

ಏಳು ವರ್ಷದ ಹಿಂದಿನ ಮಾತು. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ಒಂದು ದಿನ ಉಂಟು, ಎರಡು ದಿನ ಇಲ್ಲ. ತೋಟದಲ್ಲಿ ಹಿಪ್ಪುನೇರಳೆ ಕಟಾವಾದ ಮೇಲೆ ಓಡಾಡುವಾಗ ಬಲಗಾಲಿನ ಬೆರಳ ಸಂದಿಗೆ ಕೂಳೆ ಚುಚ್ಚಿತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆ, ಅಷ್ಟು ನೋಯಲಿಲ್ಲ. ಅರಿಶಿನ, ಕಾಫಿಪುಡಿ ಮೆತ್ತಿ ಬಟ್ಟೆ ಸುತ್ತಿಕೊಂಡರು. ಹುಳು ನಾಲ್ಕನೇ ಜ್ವರ ಎದ್ದಿದ್ದ ಸಮಯ. ಸೊಪ್ಪು ಹಾಕುವುದು ಬಿಟ್ಟು ಯಾರು ಆಸ್ಪತ್ರೆಗೆ ಹೋಗುತ್ತಾರೆ?

ಹತ್ತು ದಿನಕ್ಕೆ ಅವರಿಗೇ ಜ್ವರ ಬಂತು. ಚಳಿ, ಊಟ ಸೇರದು. ಮತ್ತೆರಡು ದಿನಕ್ಕೆ ಕಣ್ಣು ಹಳದಿ, ಮೂತ್ರ ಕಡು ಹಳದಿ. ನೋಡಿದವರೆಲ್ಲ, "ಅರಿಶಿನ ಕಾಮಾಲೆ, ಇಂಗ್ಲಿಷ್ ಔಷಧಿ ಆಗೋದಿಲ್ಲ, ನಾಟಿ ಕೊಡಿಸಿ" ಎಂದರು. ಅಮ್ಮ ನನಗೆ ಫೋನ್ ಮಾಡಿದರು. "ನಾಟಿ ಕೊಡಿಸ್ಲಾ, ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ? ನೀನೇ ಹೇಳಪ್ಪ."

ಆ ವಾರ ನಮ್ಮ ಕಂಪನಿಯಲ್ಲಿ ಹೊಸ ಸಾಫ್ಟ್‌ವೇರ್ ಬಿಡುಗಡೆ ಇತ್ತು. ನಾನು ಹೇಳಿದ್ದು ಇಷ್ಟು: "ಕಾಮಾಲೆ ತಾನೇ ಅಮ್ಮ, ಮೂರು ದಿನ ನಾಟಿ ನೋಡಿ. ಶನಿವಾರ ಬರ್ತೀನಿ."

ಬಿ.ಇ. ಓದಿದ ಮಗ ಹೇಳಿದ ಮಾತು, ಹಾಗೇ ನಡೆಯಿತು. ಮೂರು ದಿನ ಬೆಳಿಗ್ಗೆ ಸೊಪ್ಪಿನ ರಸ, ಎಣ್ಣೆ ಉಪ್ಪಿಲ್ಲದ ಪಥ್ಯ. ಶನಿವಾರ ನಾನು ಬಂದಾಗ ಅಪ್ಪ ನನ್ನನ್ನು ನನ್ನ ಚಿಕ್ಕಪ್ಪನ ಹೆಸರಿನಿಂದ ಕರೆದರು. ಏದುಸಿರು ಬಿಡುತ್ತಿದ್ದರು. ಹಿಂದಿನ ರಾತ್ರಿಯಿಂದ ಮೂತ್ರ ಹೋಗಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಪ್ಪನ ಕಣ್ಣು ನೋಡಿದರು, ಹೊಟ್ಟೆ ಮುಟ್ಟಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಮೈಮೇಲೆ ಎಲ್ಲಾದರೂ ಗಾಯ ಇದೆಯಾ?" ನಮಗೆ ಯಾರಿಗೂ ನೆನಪಿಲ್ಲ. ಅವರೇ ಪಂಚೆ ಸರಿಸಿ ಕಾಲಿನ ಬಟ್ಟೆ ಬಿಚ್ಚಿದರು. ವಾಸನೆಗೆ ನಾನು ಮುಖ ತಿರುಗಿಸಿದೆ. ರಕ್ತದಲ್ಲಿ ಬಿಲಿರುಬಿನ್ 7 ದಾಟಿತ್ತು. ಆದರೆ ಹೆಪಟೈಟಿಸ್ ಪರೀಕ್ಷೆಗಳಲ್ಲಿ ಏನೂ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳ ಸಲೀಸಾಗಿದೆ, ಕಲ್ಲಿಲ್ಲ. ಲಿವರ್ ಜೀವಕೋಶಗಳು ಸತ್ತರೆ ಏರುವ ಕಿಣ್ವಗಳೂ ಅಷ್ಟೇನೂ ಏರಿಲ್ಲ. ಡಾಕ್ಟರಮ್ಮ ಹೇಳಿದರು: "ಕಾಯಿಲೆ ಇರೋದು ಕಾಲಲ್ಲಿ. ಅಲ್ಲಿಂದ ಬ್ಯಾಕ್ಟೀರಿಯಾ, ಅದರ ವಿಷ ರಕ್ತಕ್ಕೆ ಇಳಿದಿದೆ. ಲಿವರ್ ಅದಕ್ಕೆ ಪಿತ್ತ ಹೊರಹಾಕೋದನ್ನ ನಿಲ್ಲಿಸಿದೆ."

ಕಾಲಿನ ಗಾಯಕ್ಕೆ ಕಣ್ಣು ಹಳದಿಯಾಗುವುದು ಹೇಗೆ? ಇದೇ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ನನಗೆ ತಿಳಿದಂತೆ ವಿವರಿಸುತ್ತೇನೆ.

ನಮ್ಮ ರಕ್ತದ ಕೆಂಪು ಕಣಕ್ಕೆ ಸುಮಾರು 120 ದಿನ ಆಯಸ್ಸು. ಹಳೆಯ ಕಣ ಒಡೆದಾಗ ಅದರ ಕೆಂಪು ಬಣ್ಣದಿಂದ ಹುಟ್ಟುವ ಹಳದಿ ಕಸವೇ ಬಿಲಿರುಬಿನ್. ಲಿವರ್ ಇದನ್ನು ರಕ್ತದಿಂದ ಎತ್ತಿಕೊಂಡು, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ದಿನಕ್ಕೆ ಅರ್ಧ ಲೀಟರಿಗೂ ಮೀರಿ ಪಿತ್ತರಸ ತಯಾರಾಗುತ್ತದೆ. ಅಂದರೆ ಪಿತ್ತರಸ ಜೀರ್ಣಕ್ಕೆ ಬೇಕಾದ ರಸವೂ ಹೌದು, ಮೈಯ ಕಸ ಹೊರಗೆ ಹೋಗುವ ಕಾಲುವೆಯೂ ಹೌದು. ಪರೀಕ್ಷೆಯಲ್ಲಿ ನಾನು ಬರೆದದ್ದು ಅರ್ಧ ಉತ್ತರ.

ಪಿತ್ತರಸ ತಾನಾಗಿ ಇಳಿದು ಹರಿಯುವುದಿಲ್ಲ. ಲಿವರಿನ ಒಂದೊಂದು ಜೀವಕೋಶದ ಗೋಡೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪಂಪುಗಳಿವೆ. ಒಂದು ಬಗೆಯವು ಪಿತ್ತದ ಲವಣಗಳನ್ನು, ಇನ್ನೊಂದು ಬಗೆಯವು ಬಿಲಿರುಬಿನ್ನನ್ನು ಎತ್ತಿ ಸಣ್ಣ ನಾಳಕ್ಕೆ ಹಾಕುತ್ತವೆ. ಲವಣ ಹೋದ ಕಡೆ ನೀರು ಹಿಂಬಾಲಿಸುತ್ತದೆ. ಹೀಗೆ ಹುಟ್ಟುತ್ತದೆ ಹರಿವು.

ಬೋರ್‌ವೆಲ್ ಇಟ್ಟುಕೊಂಡಿರುವ ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ. ತೋಟಕ್ಕೆ ನೀರು ಬರಲಿಲ್ಲ ಅಂದರೆ ಮೂರು ಕಾರಣ ಇರಬಹುದು. ಮೋಟರ್ ಸುಟ್ಟಿರಬಹುದು, ಇದು ವೈರಸ್‌ನಿಂದಲೋ ಕುಡಿತದಿಂದಲೋ ಲಿವರ್ ಕೋಶಗಳೇ ಸತ್ತ ಹಾಗೆ. ಪೈಪು ಕಟ್ಟಿರಬಹುದು, ಇದು ಪಿತ್ತನಾಳಕ್ಕೆ ಕಲ್ಲು ಸಿಕ್ಕಿಕೊಂಡ ಹಾಗೆ. ಮೂರನೆಯದು, ಮೋಟರೂ ಸರಿ, ಪೈಪೂ ಸರಿ, ಆದರೆ ಲೈನಿನಲ್ಲಿ ಎಲ್ಲೋ ತೊಂದರೆಯಾಗಿ ಸ್ಟಾರ್ಟರ್ ಟ್ರಿಪ್ ಆಗಿರುವುದು. ಅಪ್ಪನಿಗೆ ಆದದ್ದು ಈ ಮೂರನೆಯದು.

ಸ್ಟಾರ್ಟರನ್ನು ಟ್ರಿಪ್ ಮಾಡಿದ್ದು ಬ್ಯಾಕ್ಟೀರಿಯಾದ ವಿಷ. 1892ರಲ್ಲಿ ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಜೊತೆ ಕೆಲಸ ಮಾಡುತ್ತಿದ್ದ ರಿಚರ್ಡ್ ಫೈಫರ್ ಎಂಬ ವಿಜ್ಞಾನಿ ಒಂದು ವಿಚಿತ್ರ ಕಂಡರು. ಕಾಲರಾ ಬ್ಯಾಕ್ಟೀರಿಯಾವನ್ನು ಕಾಯಿಸಿ ಕೊಂದು ಗಿನಿಯಿಲಿಗೆ ಚುಚ್ಚಿದರೂ ಗಿನಿಯಿಲಿ ಸಾಯುತ್ತಿತ್ತು. ಕೆಲವು ಬ್ಯಾಕ್ಟೀರಿಯಾ ವಿಷವನ್ನು ಹೊರಗೆ ಕಾರುತ್ತವೆ. ಆದರೆ ಈ ವಿಷ ಅದರ ಮೈಯಲ್ಲೇ ಸೇರಿಕೊಂಡಿದೆ, ಮೈ ಒಡೆದಾಗ ಹೊರಗೆ ಬರುತ್ತದೆ ಎಂದು ತಿಳಿದು ಅದಕ್ಕೆ ಎಂಡೊಟಾಕ್ಸಿನ್, ಒಳವಿಷ, ಎಂದು ಹೆಸರಿಟ್ಟರು. ನಮ್ಮ ಜೀವಕೋಶಗಳು ಈ ವಿಷವನ್ನು ಗುರುತಿಸುವ ಅಣುವನ್ನು 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ ಕಂಡುಹಿಡಿಯಿತು. ಅವರಿಗೆ 2011ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು.

ಲಿವರಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕರುಳಿನ ಕಡೆಯಿಂದ ಬರುವುದು. ಹೀಗಾಗಿ ಅಲ್ಲಿ ಕುಫರ್ ಕೋಶಗಳೆಂಬ ಕಾವಲುಗಾರರು ಸಾಲಾಗಿ ಕೂತಿರುತ್ತಾರೆ. ಬ್ಯಾಕ್ಟೀರಿಯಾ, ಅದರ ವಿಷ ಬಂದರೆ ಹಿಡಿದು ನುಂಗುವುದು ಅವರ ಕೆಲಸ. ವಿಷ ಮಿತಿಮೀರಿ ಬಂದಾಗ ಅವರು ಕೂಗು ಹಾಕುತ್ತಾರೆ, ಅಂದರೆ ಸೈಟೊಕೈನ್ ಎಂಬ ರಾಸಾಯನಿಕ ಸಂದೇಶಗಳನ್ನು ಬಿಡುತ್ತಾರೆ. ಆ ಕೂಗು ಕೇಳಿದ ಲಿವರ್ ಕೋಶ ದಿನದ ಕೆಲಸ ಬದಿಗಿಟ್ಟು ಸೋಂಕಿನ ವಿರುದ್ಧ ಬೇಕಾದ ಪ್ರೋಟೀನುಗಳನ್ನು ತಯಾರಿಸಲು ತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಎಂಡೊಟಾಕ್ಸಿನ್ ಕೊಟ್ಟು ನೋಡಿದಾಗ, ಕೆಲವೇ ಗಂಟೆಗಳಲ್ಲಿ ಪಂಪುಗಳು ಗೋಡೆಯಿಂದ ಕೋಶದ ಒಳಕ್ಕೆ ಸರಿಯುತ್ತವೆ, ಆಮೇಲೆ ಹೊಸ ಪಂಪುಗಳ ತಯಾರಿಯೂ ಇಳಿಯುತ್ತದೆ ಎಂದು ತಿಳಿದುಬಂದಿದೆ. ಪಿತ್ತ ಹೊರಡುವುದಿಲ್ಲ. ಬಿಲಿರುಬಿನ್ ರಕ್ತಕ್ಕೆ ಮರಳುತ್ತದೆ. ರಕ್ತದಲ್ಲಿ ಸಾಮಾನ್ಯವಾಗಿ ಡೆಸಿಲೀಟರಿಗೆ 1 ಮಿಲಿಗ್ರಾಂನಷ್ಟಿರುವ ಅದು ಎರಡು ಮೂರು ದಾಟಿದರೆ ಕಣ್ಣಿನ ಬಿಳಿಭಾಗ ಹಳದಿ ಕಾಣುತ್ತದೆ.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಕರುಳಿಗೆ ಇಳಿಯುವ ಪಿತ್ತ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಹದ್ದಿನಲ್ಲಿಡುತ್ತದೆ. ಪಿತ್ತ ನಿಂತರೆ ಕರುಳಿನಿಂದ ಇನ್ನಷ್ಟು ವಿಷ ರಕ್ತಕ್ಕೆ ಸೇರಬಹುದು. ವಿಷದಿಂದ ಪಿತ್ತ ನಿಲ್ಲುತ್ತದೆ, ಪಿತ್ತ ನಿಂತದ್ದರಿಂದ ವಿಷ ಹೆಚ್ಚುತ್ತದೆ. ಆದ್ದರಿಂದಲೇ ಇಲ್ಲಿ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ.

ಬ್ಯಾಕ್ಟೀರಿಯಾದ ವಿಷ ನಮ್ಮ ಊರಿಗೆ ಹೊಸದಲ್ಲ. ಹುಳುಮನೆಯಲ್ಲಿ ಸಪ್ಪೆ ರೋಗ ನೋಡದವರು ಇಲ್ಲಿ ಯಾರಿದ್ದೀರಿ? ಸೊಪ್ಪು ತಿನ್ನುತ್ತಿದ್ದ ಹುಳು ಮೆತ್ತಗಾಗಿ, ಕಪ್ಪಾಗಿ, ಕೊಳೆತು ನಾರುತ್ತದೆ. ಅದಕ್ಕೆ ಕಾರಣಗಳು ಹಲವು, ಬ್ಯಾಕ್ಟೀರಿಯಾದ ವಿಷವೂ ಒಂದು. 1901ರಲ್ಲಿ ಜಪಾನಿನ ಇಶಿವಾಟ ಎಂಬುವರು, ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಿದ್ದ ರೇಷ್ಮೆಹುಳುಗಳಿಂದಲೇ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದರು. ಇವತ್ತು ಬಿಟಿ ಹತ್ತಿ ಎನ್ನುತ್ತೇವಲ್ಲ, ಆ ಬಿಟಿ ಅದೇ ಬ್ಯಾಕ್ಟೀರಿಯಾ. ಅದರ ವಿಷ ಹುಳುವಿನ ಕರುಳಿನ ಗೋಡೆಯನ್ನೇ ತೂತು ಮಾಡುತ್ತದೆ. ಮನುಷ್ಯರ ಕಾಯಿಲೆಯ ಬ್ಯಾಕ್ಟೀರಿಯಾಗಳನ್ನು ರೇಷ್ಮೆಹುಳುವಿಗೆ ಚುಚ್ಚಿ ಔಷಧಿ ಪರೀಕ್ಷಿಸಬಹುದು ಎಂದು ಟೋಕಿಯೊದ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ನಾವು ಸಾಕುವ ಹುಳುವಿಗೂ ನಮಗೂ ಶತ್ರು ಒಂದೇ ಜಾತಿ.

ಹುಳುಮನೆಯಲ್ಲಿ ನಾವು ಎಷ್ಟು ಜಾಣರು ನೋಡಿ. ಒಂದು ತಟ್ಟೆಯಲ್ಲಿ ನಾಲ್ಕು ಹುಳು ಸಪ್ಪೆಯಾದರೆ ಆ ನಾಲ್ಕನ್ನು ಎತ್ತಿ ಹಾಕಿ ಸುಮ್ಮನಾಗುವುದಿಲ್ಲ. ಸೊಪ್ಪು ಒದ್ದೆಯಿತ್ತಾ, ಗಾಳಿ ಆಡುತ್ತಿಲ್ಲವಾ, ಸೋಂಕು ನಿವಾರಣೆ ಸರಿಯಾಗಿತ್ತಾ ಎಂದು ಮೂಲ ಹುಡುಕುತ್ತೇವೆ. ಅದೂ ಆ ಗಂಟೆಯಲ್ಲೇ, ನಾಳೆ ನೋಡೋಣ ಎನ್ನುವುದಿಲ್ಲ. ಅಪ್ಪನ ಕಣ್ಣು ಹಳದಿಯಾದಾಗ ಮಾತ್ರ ನಾವು ಕಣ್ಣನ್ನೇ ನೋಡುತ್ತಾ ಕೂತೆವು.

ನಾಟಿ ವೈದ್ಯರನ್ನು ಹೀಯಾಳಿಸಲು ಇದನ್ನು ಹೇಳುತ್ತಿಲ್ಲ. ಅಪ್ಪನಿಗೆ ಔಷಧಿ ಕೊಟ್ಟ ಅಜ್ಜ ದುಡ್ಡು ಮುಟ್ಟಿದವರಲ್ಲ, ಕೆಟ್ಟದ್ದು ಬಯಸಿದವರಲ್ಲ. ಆದರೆ ಒಂದು ವಿಷಯ ಯೋಚಿಸಿ. ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಎಂಬ ವೈರಸ್ ಕಾಮಾಲೆ, ಅದರಲ್ಲೂ ಮಕ್ಕಳಿಗೆ ಬಂದದ್ದು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ವಾರಗಳಲ್ಲಿ ಏನು ಕುಡಿದಿದ್ದರೂ ಹೆಸರು ಅದಕ್ಕೆ ಹೋಗುತ್ತದೆ. ಹೀಗೆ ವಾಸಿಯಾದವರು ಊರ ತುಂಬ ಇರುತ್ತಾರೆ, ಅವರೇ ನಮಗೆ ಸಾಕ್ಷಿ. ಆಗದವರು ಸಾಕ್ಷಿ ಹೇಳಲು ಬರುವುದಿಲ್ಲ. ಕೆಲವು ಕಡೆ ಕಾಮಾಲೆಗೆ ಕೈಗೆ ಬರೆ ಹಾಕುತ್ತಾರೆ. ಸೋಂಕಿನಿಂದ ಕಣ್ಣು ಹಳದಿಯಾದವನಿಗೆ ಬರೆ ಹಾಕುವುದೆಂದರೆ ಇನ್ನೊಂದು ಗಾಯ, ಬ್ಯಾಕ್ಟೀರಿಯಾಗೆ ಇನ್ನೊಂದು ಬಾಗಿಲು.

ಕಾಮಾಲೆ ಎನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಪಿತ್ತ ಹೊರಗೆ ಹೋಗುತ್ತಿಲ್ಲ, ಇಲ್ಲವೇ ರಕ್ತ ಅತಿಯಾಗಿ ಒಡೆಯುತ್ತಿದೆ ಎನ್ನುವ ಸೂಚನೆ. ಯಾಕೆ ಎಂದು ಹುಡುಕಬೇಕು. ಕಾಲಿನ ಕೀವಷ್ಟೇ ಅಲ್ಲ, ನ್ಯುಮೋನಿಯಾ, ಮೂತ್ರದ ಸೋಂಕು, ಟೈಫಾಯ್ಡ್ ಇವುಗಳಲ್ಲೂ ಕಣ್ಣು ಹಳದಿಯಾಗಬಹುದು. ಕರಾವಳಿ, ಮಲೆನಾಡಿನ ಕಡೆ ಮಳೆಗಾಲದಲ್ಲಿ ಕಾಡುವ ಇಲಿ ಜ್ವರವೂ ಬ್ಯಾಕ್ಟೀರಿಯಾದ್ದೇ. ಇಲಿಯ ಮೂತ್ರ ಬೆರೆತ ಕೆಸರು ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಅದು ಒಳಗೆ ಬರುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ತೀವ್ರವಾದರೆ ಕಾಮಾಲೆ, ಮೂತ್ರಪಿಂಡದ ತೊಂದರೆ. ನಾವೂ ಕೊಟ್ಟಿಗೆಯಲ್ಲಿ, ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವವರೇ.

ತಾಯಂದಿರಿಗೆ ಒಂದು ಮಾತು. ಹುಟ್ಟಿದ ಮಗುವಿಗೆ ಮೊದಲ ವಾರ ಸ್ವಲ್ಪ ಹಳದಿ ಕಾಣುವುದು ಸಾಮಾನ್ಯ. ಆದರೆ ಹುಟ್ಟಿದ ಮೊದಲ ದಿನವೇ ಹಳದಿಯಾದರೆ, ಎರಡು ವಾರ ಕಳೆದರೂ ಹೋಗದಿದ್ದರೆ, ಹಾಲು ಕುಡಿಯದಿದ್ದರೆ, ಮಲ ಬೆಳ್ಳಗೆ ಹೋದರೆ, ಬಿಸಿಲಿಗೆ ಹಿಡಿದರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಹಸುಗೂಸಿನ ಮೂತ್ರದ ಸೋಂಕು ಕೂಡ ಮೊದಲು ಕಾಮಾಲೆಯಾಗಿಯೇ ಕಾಣಿಸಿಕೊಳ್ಳಬಹುದು.

ಎಲ್ಲರೂ ನೆನಪಿಡಬೇಕಾದದ್ದು ಇಷ್ಟು. ಕಣ್ಣು ಹಳದಿ, ಜೊತೆಗೆ ಜ್ವರ ಅಥವಾ ಚಳಿ ನಡುಕ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಾತು ತೊದಲಿದರೆ, ಗುರುತು ತಪ್ಪಿದರೆ, ಉಸಿರು ಜೋರಾದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ ಅದೇ ಗಂಟೆ 108ಕ್ಕೆ ಫೋನ್ ಮಾಡಿ. ಡಾಕ್ಟರಿಗೆ ಗಾಯ, ಕೀವು, ಉರಿಮೂತ್ರ, ಕೆಮ್ಮು ಏನಿದ್ದರೂ ಹೇಳಿ, ಕುಡಿದ ನಾಟಿ ಔಷಧಿಯನ್ನೂ ಮುಚ್ಚಿಡದೆ ಹೇಳಿ. ಮೆಡಿಕಲ್ ಸ್ಟೋರಿನಲ್ಲಿ ಎರಡು ಮಾತ್ರೆ ತಂದು ನುಂಗಿ ದಿನ ದೂಡಬೇಡಿ. ಸಕ್ಕರೆ ಕಾಯಿಲೆ ಇರುವವರು ರಾತ್ರಿ ಮಲಗುವ ಮುಂಚೆ ಪಾದ ತೊಳೆದು, ಒರೆಸಿ, ಬೆರಳ ಸಂದಿ ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳಿಂದ ನೋಡಿಸಿ.

ಅಪ್ಪನಿಗೆ ಅವತ್ತೇ ಆಂಟಿಬಯೋಟಿಕ್ ಶುರುಮಾಡಿದರು, ರಾತ್ರಿಯೇ ಕೀವು ತೆಗೆದರು. ಎರಡು ಬೆರಳು ಹೋದವು. ಐದು ದಿನ ಐಸಿಯುನಲ್ಲಿದ್ದರು. ಲಿವರಿಗೆ ಅಂತ ಬೇರೆ ಔಷಧಿ ಏನೂ ಕೊಡಲಿಲ್ಲ. ಕಾಲು ಸರಿಹೋಗುತ್ತಾ ಬಂದ ಹಾಗೆ ಬಿಲಿರುಬಿನ್ ತಾನಾಗಿ ಇಳಿಯಿತು. ಜ್ವರ ಬಿಟ್ಟ ಮೇಲೂ ಮೂರು ವಾರ ಕಣ್ಣು ಹಳದಿಯಾಗಿಯೇ ಇತ್ತು. ಅಮ್ಮ ದಿನಾ ಗಾಬರಿಯಾಗುತ್ತಿದ್ದರು. ಬಿಲಿರುಬಿನ್ನಿನ ಒಂದು ಪಾಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಅದು ಹೋಗುವುದು ನಿಧಾನ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಸ್ಟಾರ್ಟರ್ ಮತ್ತೆ ಹಾಕಿದ ಮೇಲೂ ಕಾಲುವೆಯ ಕೊನೆಗೆ ನೀರು ಮುಟ್ಟಲು ಹೊತ್ತು ಬೇಕಲ್ಲ, ಹಾಗೆ.

ಅಪ್ಪ ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನಾನು ಫೋನಿನಲ್ಲಿ ಹೇಳಿದ ಮಾತಿನ ಬಗ್ಗೆ ಅವರು ಒಂದು ದಿನವೂ ಕೇಳಿಲ್ಲ. ಅಮ್ಮ ಅವರಿಗೆ ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿರದಿದ್ದರೆ, ಅಪ್ಪಾ, ಇವತ್ತು ಎಲ್ಲರ ಮುಂದೆ ನಾನೇ ಹೇಳಿದ್ದೇನೆ.

ಊರಿನಿಂದ ಹೊರಗೆ ಕೆಲಸ ಮಾಡುತ್ತಿರುವ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಮನವಿ. ಮನೆಯಿಂದ ಇಂಥ ಫೋನ್ ಬಂದಾಗ ನಿಮ್ಮ ಮಾತಿಗೆ ತೂಕ ಜಾಸ್ತಿ. ಓದಿದ ಮಗ, ಓದಿದ ಮಗಳು ಹೇಳಿದರು ಎಂದು ನಡೆದುಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ, "ಗೊತ್ತಿಲ್ಲಮ್ಮ, ಈಗಲೇ ಡಾಕ್ಟರಿಗೆ ತೋರಿಸು" ಎನ್ನಿ. ಅಷ್ಟು ಹೇಳಲು ಯಾವ ಪದವಿಯೂ ಬೇಕಿಲ್ಲ.

ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಜೀರ್ಣಾಂಗದ ಹೊಸ ಚಿತ್ರಪಟವೊಂದನ್ನು ನಮ್ಮ ಬ್ಯಾಚಿನಿಂದ ಕೊಡುತ್ತೇವೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರೆಸಲು ಅಪ್ಪಣೆ ಕೊಡಿ: "ಜ್ವರದ ಜೊತೆ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆ." ಮಕ್ಕಳು ಅದನ್ನು ಮನೆಗೆ ಹೋಗಿ ಹೇಳಲಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇಲ್ಲದಿದ್ದರೂ ಪರವಾಗಿಲ್ಲ.